ಮಾಧ್ಯಮಿಕ ಶಾಲೆಯಲ್ಲಿ ವಿಷಯ ಮುಖ್ಯಸ್ಥರ ಸ್ಥಾನ

ಶಾಲೆಯ ಆಡಳಿತವೆಂದೊಡನೆ ವಿದ್ಯಾರ್ಥಿಗಳ ಕಣ್ಣ ಮುಂದೆ ಇಬ್ಬರು ನಿಲ್ಲುತ್ತಾರೆ. ಘಂಟೆ ಬಾರಿಸಿದ ಮೇಲೆ ಬಾಗಿಲಲ್ಲಿ ನಿಂತು ತಡವಾಗಿ ಬಂದವರನ್ನು ನೋಡುವ ಮುಖ್ಯೋಪಾಧ್ಯಾಯರು ಒಬ್ಬರು. ಹಾಜರಿ ಕರೆಯುವ ವರ್ಗಶಿಕ್ಷಕರು ಇನ್ನೊಬ್ಬರು. ಇವರಿಬ್ಬರ ನಡುವೆ ಮೂರನೆಯವರೊಬ್ಬರಿದ್ದಾರೆ. ನಿಮ್ಮ ವಿಜ್ಞಾನದ ವಹಿಯಲ್ಲಿ ಶಿಕ್ಷಕರ ಸಹಿಯ ಕೆಳಗೆ ಬೇರೆ ಶಾಯಿಯ ಇನ್ನೊಂದು ಚಿಕ್ಕ ಸಹಿಯನ್ನು ಕೆಲವರಾದರೂ ಕಂಡಿರಬಹುದು. ಅದು ವಿಷಯ ಮುಖ್ಯಸ್ಥರದು. ಅವರು ಏನು ಮಾಡುತ್ತಾರೆ, ಮೊದಲು ಏನು ಮಾಡುತ್ತಿದ್ದರು, ಅವರ ಕೆಲಸ ಬದಲಾದರೆ ನಿಮಗೇನು ಲಾಭ ಅಥವಾ ನಷ್ಟ ಎಂಬುದನ್ನು ನಾವು ಈ ಲೇಖನದಲ್ಲಿ ವಿಚಾರ ಮಾಡಬೇಕೆಂದಿದ್ದೇವೆ. ದೊಡ್ಡವರ ಕಾರಭಾರ ನಮಗೇತಕ್ಕೆ ಎಂದು ಪುಟ ಮಗುಚಬೇಡಿರಿ. ನಿಮ್ಮ ಅಂಕಗಳ ಒಂದು ಪಾಲು ಈ ಮೂರನೆಯವರ ಕೈಯಲ್ಲಿದೆ.

ಮೊದಲು ಈ ಸ್ಥಾನದ ವೈಚಿತ್ರ್ಯವನ್ನು ಹೇಳಬೇಕು. ಮಹಾರಾಷ್ಟ್ರದಲ್ಲಿ ಖಾಸಗಿ ಶಾಲೆಗಳ ನೌಕರರ ಸೇವಾ ಷರತ್ತುಗಳ ಅಧಿನಿಯಮವು 1977ರದು, ಅದರ ನಿಯಮಗಳು 1981ರವು. ಅವುಗಳಲ್ಲಿ ಮುಖ್ಯೋಪಾಧ್ಯಾಯರಿದ್ದಾರೆ, ಸಹಾಯಕ ಮುಖ್ಯೋಪಾಧ್ಯಾಯರಿದ್ದಾರೆ, ನಾವೆಲ್ಲ ‘ಸುಪರ್‌ವೈಜರ್’ ಎಂದು ಕರೆಯುವ ಪರ್ಯವೇಕ್ಷಕರೂ ಇದ್ದಾರೆ. ವಿಷಯ ಮುಖ್ಯಸ್ಥರ ಮಾತು ಹಾಗಲ್ಲ. ಅದು ಶಾಲೆಗಳು ತಮ್ಮೊಳಗೆ ಮಾಡಿಕೊಂಡ ಏರ್ಪಾಡು. ಹಿರಿಯ ಶಿಕ್ಷಕರೊಬ್ಬರಿಗೆ ‘ಗಣಿತವನ್ನು ನೀವು ನೋಡಿಕೊಳ್ಳಿರಿ’ ಎಂದು ಹೇಳಿದರಾಯಿತು, ಅವರು ಗಣಿತದ ಮುಖ್ಯಸ್ಥರು. ತಾಸುಗಳು ಕಡಿಮೆಯಾಗುವುದಿಲ್ಲ, ಸಂಬಳ ಹೆಚ್ಚುವುದಿಲ್ಲ. ಇಂತಹ ಸ್ಥಾನದಲ್ಲಿ ಕುಳಿತವರ ಮಾತನ್ನು ಉಳಿದವರು ಕೇಳಬೇಕಾದರೆ ಹುದ್ದೆಯ ಬಲದಿಂದ ಸಾಧ್ಯವಿಲ್ಲ. ಬೇರೆ ಯಾವುದೋ ಬಲ ಬೇಕಾಗುತ್ತದೆ. ಆ ಬಲ ಯಾವುದೆಂಬುದೇ ಈ ವಿಷಯದ ತಿರುಳು.

ಮುಂದಾಳುತನವು ಮೇಲಿನಿಂದ ಕೆಳಕ್ಕೆ ಇಳಿಯುವುದೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ನಮ್ಮ ಹಳೆಯ ಕೂಲಿಮಠಗಳಲ್ಲಿ ಅದು ಕೆಳಗಿನಿಂದಲೂ ಏಳುತ್ತಿತ್ತು. ಅಲ್ಲಿ ಒಬ್ಬರೇ ಅಯ್ಯನವರು, ನಾನಾ ವಯಸ್ಸಿನ ಹುಡುಗರು. ದೊಡ್ಡ ಹುಡುಗನು ಮುಂದೆ ನಿಂತು ಮಗ್ಗಿ ಹೇಳಿಸುವನು. ಚಿಕ್ಕವರು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವರು. ದಕ್ಷಿಣದೇಶದ ಈ ಪದ್ಧತಿಯನ್ನು 18ನೆಯ ಶತಮಾನದ ಕೊನೆಯಲ್ಲಿ ಮದ್ರಾಸಿನಲ್ಲಿದ್ದ ಆಂಡ್ರೂ ಬೆಲ್ ಎಂಬ ಸ್ಕಾಟ್ಲಂಡಿನ ಪಾದ್ರಿಯು ಕಂಡನು. ಅವನು ಅನಾಥ ಬಾಲಕರ ಶಾಲೆಯೊಂದನ್ನು ನೋಡಿಕೊಳ್ಳುತ್ತಿದ್ದನು. ಮರಳಿನ ಮೇಲೆ ಬರೆಯಿಸಿರೆಂದರೆ ಅವನ ಕೈಕೆಳಗಿನ ಶಿಕ್ಷಕರು ಒಪ್ಪಲಿಲ್ಲ. ಆಗ ಎಂಟರ ಪ್ರಾಯದ ಒಬ್ಬ ಬಾಲಕನನ್ನೇ ಚಿಕ್ಕವರಿಗೆ ಕಲಿಸಲು ನಿಲ್ಲಿಸಿದನು. ಆ ಕೆಲಸ ಕೈಗೂಡಿತು. 1797ರಲ್ಲಿ ಅವನು ಈ ಪ್ರಯೋಗವನ್ನು ಕುರಿತು ಲಂಡನ್ನಿನಲ್ಲಿ ಪುಸ್ತಕ ಪ್ರಕಟಿಸಿದನು. ಆ ಬಳಿಕ ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ‘ಮಾನಿಟರ್’ ಪದ್ಧತಿಯು ಹಬ್ಬಿತು. ಇಂದು ನೀವು ವರ್ಗದಲ್ಲಿ ಮಾನಿಟರನನ್ನು ಆರಿಸುವಾಗ, ನಮ್ಮ ನಾಡಿನಿಂದ ಹೋಗಿ ಇಂಗ್ಲಿಷ್ ಹೆಸರಿನಿಂದ ತಿರುಗಿ ಬಂದ ವಸ್ತುವನ್ನೇ ಬಳಸುತ್ತಿದ್ದೀರಿ.

ಅದೇ ಕನ್ನಡ ನಾಡಿನಲ್ಲಿ ಇನ್ನೊಂದು ಬಗೆಯ ಮುಂದಾಳುತನವನ್ನು ತೋರಿಸಿದವರು ಡೆಪ್ಯುಟಿ ಚೆನ್ನಬಸಪ್ಪನವರು (1834–1881). ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳಲ್ಲಿ ಮರಾಠಿಯ ಶಾಲೆಗಳೇ ಮೆರೆಯುತ್ತಿದ್ದ ಕಾಲ ಅದು. ಅವರ ಕೆಲಸದ ಹೆಸರು ಶಾಲೆಗಳ ತಪಾಸಣೆ. ಅವರು ತಪಾಸಣೆಯನ್ನಷ್ಟೇ ಮಾಡಿ ಭತ್ತೆ ಪಡೆದು ಮನೆಗೆ ಹೋಗಿದ್ದರೆ ಇಂದು ಅವರ ಹೆಸರು ಉಳಿಯುತ್ತಿರಲಿಲ್ಲ. ಕನ್ನಡ ಶಾಲೆಗಳನ್ನು ತೆರೆಯಿಸಿದರು, ಶಿಕ್ಷಕರನ್ನು ತರಬೇತುಗೊಳಿಸಿದರು, ಕಲಿಸಲು ಕನ್ನಡದಲ್ಲಿ ಪುಸ್ತಕ ಬೇಕೆಂದು ತಾವೂ ಬರೆದರು, ಬೇರೆಯವರಿಂದಲೂ ಬರೆಯಿಸಿದರು. ಶಿಕ್ಷಕರ ತಪ್ಪನ್ನು ಬರೆದುಕೊಳ್ಳುವವರು ಬೇರೆ, ಶಿಕ್ಷಕರಿಗೆ ಬೇಕಾದುದನ್ನು ಒದಗಿಸುವವರು ಬೇರೆ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಕ್ಕೆ ಹೋಗೋಣ.

ಚೆನ್ನಬಸಪ್ಪನವರ ಮಾರ್ಗ ಎಲ್ಲ ಕಡೆಗೆ ಹಬ್ಬಲಿಲ್ಲ. ಮಾಧ್ಯಮಿಕ ಶಾಲೆಗಳು ಬೆಳೆದಂತೆ ಮೆಟ್ರಿಕ್ ಪರೀಕ್ಷೆಯು ಅವುಗಳ ಒಡೆಯನಾಯಿತು. ಪ್ರಶ್ನೆಪತ್ರಿಕೆ ಹೊರಗಿನಿಂದ ಬರುವುದು, ಉತ್ತರಪತ್ರಿಕೆ ಹೊರಕ್ಕೆ ಹೋಗುವುದು. ನಡುವೆ ಶಾಲೆಯ ಕೆಲಸವೆಂದರೆ ‘ಪೋರ್ಶನ್ ಮುಗಿಸುವುದು’. ಆದಕಾರಣ ವಿಷಯ ಮುಖ್ಯಸ್ಥರ ಕೆಲಸವೂ ಪೋರ್ಶನ್ನಿನ ಕಾವಲಾಯಿತು. ವರ್ಷದ ಆರಂಭದಲ್ಲಿ ಯೋಜನೆ ಬರೆಯಿಸುವುದು, ತಿಂಗಳಿಗೊಮ್ಮೆ ಪಾಠ ಟಿಪ್ಪಣಿಗೆ ಸಹಿ ಹಾಕುವುದು, ವಹಿಗಳನ್ನು ತರಿಸಿ ಕೆಂಪು ಗೆರೆ ಬಿದ್ದಿದೆಯೇ ಎಂದು ನೋಡುವುದು, ಸಹಾಮಾಹಿ ಪರೀಕ್ಷೆಗೆ ಪ್ರಶ್ನೆ ಹಂಚುವುದು, ನಕಾಶೆಗಳನ್ನೂ ಗಾಜಿನ ನಳಿಗೆಗಳನ್ನೂ ಇಟ್ಟ ಕಪಾಟಿನ ಕೀಲಿಯನ್ನು ಜೋಪಾನವಾಗಿ ಇಟ್ಟುಕೊಳ್ಳುವುದು. ಕೀಲಿಯ ಜೋಪಾನ ಎಷ್ಟಿರುತ್ತಿತ್ತೆಂದರೆ ಕೆಲವು ಶಾಲೆಗಳಲ್ಲಿ ನಳಿಗೆಗಳು ಒಡೆಯದೆಯೇ ಹಳೆಯವಾದವು. ಮಕ್ಕಳು ಅವನ್ನು ಮುಟ್ಟಿರಲಿಲ್ಲ.

ಈ ಸ್ಥಿತಿಯನ್ನು ಮೊದಲು ಗಟ್ಟಿಯಾಗಿ ಪ್ರಶ್ನಿಸಿದುದು ಡಾ. ಎ. ಲಕ್ಷ್ಮಣಸ್ವಾಮಿ ಮೊದಲಿಯಾರರ ಅಧ್ಯಕ್ಷತೆಯ ಮಾಧ್ಯಮಿಕ ಶಿಕ್ಷಣ ಆಯೋಗ. 1952ರಲ್ಲಿ ನೇಮಕವಾಗಿ 1953ರಲ್ಲಿ ವರದಿ ಕೊಟ್ಟ ಆ ಆಯೋಗವು, ಹೊರಗಿನ ಪರೀಕ್ಷೆಯೊಂದರಿಂದಲೇ ಮಗುವನ್ನು ಅಳೆಯಬಾರದು, ಶಾಲೆಯಲ್ಲಿ ವರ್ಷವಿಡೀ ಮಾಡಿದ ಕೆಲಸಕ್ಕೂ ಬೆಲೆಯಿರಬೇಕು ಎಂದು ಹೇಳಿತು. 1964ರಿಂದ 1966ರ ವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವು ಹತ್ತು ವರ್ಷಗಳ ಸಾಮಾನ್ಯ ಶಿಕ್ಷಣವನ್ನು ಎಲ್ಲರಿಗೂ ಸೂಚಿಸಿತು. ಮಹಾರಾಷ್ಟ್ರದಲ್ಲಿ ಮೊದಲು ಹನ್ನೊಂದನೆಯ ಇಯತ್ತೆಯ ಕೊನೆಗೆ ಇದ್ದ ಎಸ್.ಎಸ್.ಸಿ. ಪರೀಕ್ಷೆಯು 1975ರಿಂದ ಹತ್ತನೆಯ ಇಯತ್ತೆಯ ಕೊನೆಗೆ ಬಂದಿತು. ಗಣಿತ, ವಿಜ್ಞಾನಗಳು ಎಲ್ಲರ ಪಾಲಿಗೆ ಬಂದವು. ಬುದ್ಧಿವಂತ ಹುಡುಗರನ್ನಷ್ಟೇ ಆರಿಸಿ ವಿಜ್ಞಾನ ಕಲಿಸುವುದು ಒಂದು ಕೆಲಸ. ವರ್ಗದ ಕೊನೆಯ ಬೆಂಚಿನವರೆಗೂ ಅದನ್ನು ಮುಟ್ಟಿಸುವುದು ಬೇರೆಯೇ ಕೆಲಸ. ಎರಡನೆಯ ಕೆಲಸವನ್ನು ಪೋರ್ಶನ್ನಿನ ಕಾವಲಿನಿಂದ ಮಾಡಲಾಗದು.

ಆದರೂ ಶಾಲೆಯ ಒಳಗಿನ ಅಂಕಗಳ ಮಾತು ಎಷ್ಟು ತೂಕದ್ದೆಂಬುದು ತೀರ ಇತ್ತೀಚಿನವರೆಗೆ ಅನೇಕರಿಗೆ ತಿಳಿದಿರಲಿಲ್ಲ. ಭಾಷಾವಿಷಯಗಳಲ್ಲಿ 100 ಅಂಕಗಳ ಪೈಕಿ 80 ಲೇಖಿ ಪರೀಕ್ಷೆಗೆ, 20 ಶಾಲೆಯಲ್ಲಿ ನಡೆಯುವ ಮೌಖಿಕ ಮೊದಲಾದವುಗಳಿಗೆ ಎಂಬ ಪದ್ಧತಿಯಿದ್ದಿತು. 2018–19ರಲ್ಲಿ ಭಾಷೆಗಳಿಗೂ ಸಮಾಜವಿಜ್ಞಾನಕ್ಕೂ ಈ 20 ಅಂಕಗಳನ್ನು ತೆಗೆದುಹಾಕಲಾಯಿತು. 2018ರಲ್ಲಿ ನೂರಕ್ಕೆ 89.41 ಇದ್ದ ರಾಜ್ಯದ ಎಸ್.ಎಸ್.ಸಿ. ಫಲಿತಾಂಶವು 2019ರಲ್ಲಿ 77.10ಕ್ಕೆ ಇಳಿಯಿತು. ಹತ್ತನೆಯ ಇಯತ್ತೆಗೆ ಹೊಸ ಪಾಠಕ್ರಮವು ಅದೇ ವರ್ಷ ಬಂದಿದ್ದಿತಾದ್ದರಿಂದ ಎಲ್ಲ ಇಳಿತವನ್ನೂ ಆ 20 ಅಂಕಗಳ ತಲೆಗೆ ಕಟ್ಟುವುದು ನ್ಯಾಯವಲ್ಲ. ಮರುವರ್ಷ ಅಂಕಗಳು ತಿರುಗಿ ಬಂದವು. 2020ರ ಫಲಿತಾಂಶ 95.30. ಆಮೇಲೆ ಕೋವಿಡ್ ಕಾಲದಲ್ಲಿ, 2021ರಲ್ಲಿ, ಲೇಖಿ ಪರೀಕ್ಷೆಯೇ ನಡೆಯಲಿಲ್ಲ. ಒಂಬತ್ತನೆಯ ಇಯತ್ತೆಯ ಫಲಿತಾಂಶಕ್ಕೆ 50, ಹತ್ತನೆಯ ಇಯತ್ತೆಯಲ್ಲಿ ಶಾಲೆ ಮಾಡಿದ ಮೌಲ್ಯಮಾಪನಕ್ಕೆ 30, ಮೌಖಿಕ ಮತ್ತು ಪ್ರಾತ್ಯಕ್ಷಿಕಗಳಿಗೆ 20 ಎಂದು ಶಾಲೆಗಳೇ ಅಂಕ ಕೂಡಿಸಿ ಕಳುಹಿಸಿದವು. ರಾಜ್ಯದ ಫಲಿತಾಂಶ 99.95 ಆಯಿತು.

ಈ ಅಂಕಿಗಳನ್ನು ನಾವು ಬೆರಗುಪಡಿಸಲು ಕೊಟ್ಟಿಲ್ಲ. ಆ ವರ್ಷ ಒಂದು ಮಗುವಿನ ಮುಂದಿನ ದಾರಿ ಪೂರ್ತಿಯಾಗಿ ಶಾಲೆಯ ಕಡತದಲ್ಲಿದ್ದಿತು. ಕಡತ ಸರಿಯಾಗಿದ್ದ ಶಾಲೆಯ ಮಗುವಿಗೆ ನ್ಯಾಯ ದೊರೆಯಿತು. ಕಡತವಿಲ್ಲದ ಕಡೆ ಎಲ್ಲರಿಗೂ ಒಂದೇ ಸಮನಾಗಿ ಅಂಕ ಸುರಿದಿದ್ದರೆ, ನಿಜವಾಗಿ ದುಡಿದವನಿಗೆ ಅದರಿಂದ ಮೋಸವೇ ಆಯಿತು. ಇಂದಿಗೂ 20 ಅಂಕಗಳ ಮೌಖಿಕದಲ್ಲಿ ಒಂದು ವಿಭಾಗದ ಶಿಕ್ಷಕರು ಬಿಗಿಯಾಗಿಯೂ ಇನ್ನೊಂದು ವಿಭಾಗದವರು ಸಡಿಲವಾಗಿಯೂ ಅಂಕ ಕೊಟ್ಟರೆ ತಕ್ಕಡಿ ಎರಡಾಗುತ್ತದೆ. ಅದನ್ನು ಒಂದಾಗಿಸಬೇಕಾದವರು ವಿಷಯ ಮುಖ್ಯಸ್ಥರು. ಇಬ್ಬರು ಶಿಕ್ಷಕರನ್ನೂ ಕೂರಿಸಿಕೊಂಡು ಒಂದೇ ಮಗುವಿನ ಮಾತನ್ನು ಕೇಳಿಸಿ, ‘ಇದಕ್ಕೆ ನೀವೆಷ್ಟು ಕೊಡುವಿರಿ, ಏತಕ್ಕೆ?’ ಎಂದು ವಿಚಾರಿಸಿ ಅಳತೆಯನ್ನು ಒಪ್ಪಿಸಬೇಕು. ಈ ಕೆಲಸಕ್ಕೆ ಸಹಿಯ ಅಧಿಕಾರ ಸಾಲದು. ಆ ವಿಷಯದಲ್ಲಿ ಒಳ್ಳೆಯ ಉತ್ತರ ಯಾವುದೆಂದು ಬಲ್ಲ ವಿದ್ವತ್ತು ಬೇಕು, ಸಹೋದ್ಯೋಗಿಯ ಮುಖ ಕೆಡದಂತೆ ಹೇಳುವ ನಾಲಗೆಯೂ ಬೇಕು.

ಇನ್ನು ನಮ್ಮ ಧಾರಾವಿಗೆ ಬರೋಣ. ಮಾಹಿಮಿಗೂ ಸಯಾನಿಗೂ ನಡುವಿನ ಈ ನೆಲದಲ್ಲಿ ಒಂದು ಗಲ್ಲಿಯನ್ನು ದಾಟುವುದರೊಳಗೆ ನಾಲ್ಕು ಭಾಷೆಗಳು ಕಿವಿಗೆ ಬೀಳುತ್ತವೆ. ಕುಂಭಾರವಾಡೆಯಲ್ಲಿ ಗುಜರಾತಿ, ಅದರಾಚೆ ತಮಿಳು, ಕೋಳಿವಾಡೆಯಲ್ಲಿ ಮರಾಠಿ, ಚರ್ಮದ ಕಾರಖಾನೆಗಳಲ್ಲಿ ಹಿಂದಿ ಉರ್ದುಗಳು. ನಿಮ್ಮ ಮನೆಗಳಲ್ಲಿ ಕಲಬುರಗಿಯ ಕನ್ನಡ, ರಾಯಚೂರಿನ ಕನ್ನಡ. ಬೃಹನ್ಮುಂಬಯಿ ಮಹಾನಗರಪಾಲಿಕೆಯು ಎಂಟು ಭಾಷಾಮಾಧ್ಯಮಗಳಲ್ಲಿ ಶಾಲೆ ನಡೆಸುತ್ತ ಬಂದಿದೆ. ಒಂದೇ ಕಟ್ಟಡದ ಬೇರೆ ಬೇರೆ ಮಾಳಿಗೆಗಳಲ್ಲಿ ಬೇರೆ ಬೇರೆ ಮಾಧ್ಯಮದ ಶಾಲೆಗಳು ಬೇರೆ ಬೇರೆ ಮುಖ್ಯೋಪಾಧ್ಯಾಯರ ಕೈಯಲ್ಲಿ ನಡೆಯುವುದು ಈ ನಗರದಲ್ಲಿ ಹೊಸದಲ್ಲ. ಇಂತಹ ಸ್ಥಳದಲ್ಲಿ ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಬರುವ ಒಂದು ತೊಡಕನ್ನು ಬೇರೆ ಊರಿನ ವಿದ್ವಾಂಸರು ಸುಲಭವಾಗಿ ಊಹಿಸಲಾರರು.

ಉದಾಹರಣೆಯನ್ನೇ ನೋಡಿರಿ. ನಮ್ಮ ವಿಜ್ಞಾನದ ಪಾಠದಲ್ಲಿ ‘ಸಾಂದ್ರತೆ’ ಎಂಬ ಶಬ್ದವಿದೆ. ಅದೇ ಕಲ್ಪನೆಯನ್ನು ಮರಾಠಿಯಲ್ಲಿ ‘ಘನತಾ’ ಎನ್ನುತ್ತಾರೆ. ಕನ್ನಡದ ಮನೆಯ ಹುಡುಗನಿಗೆ ಘನತೆಯೆಂದರೆ ಹಿರಿಯರಿಗೆ ಇರುವ ಗೌರವ, ದೊಡ್ಡಸ್ತಿಕೆ. ಸಂಜೆ ನೆರೆಮನೆಯ ಮರಾಠಿ ಗೆಳೆಯನೊಡನೆ ಓದಲು ಕುಳಿತಾಗ ಎಣ್ಣೆಗಿಂತ ನೀರಿಗೆ ಘನತೆ ಹೆಚ್ಚು ಎಂದು ಕೇಳಿದರೆ ಅವನು ನಗುವುದು ಸಹಜ. ನಕ್ಕರೆ ಅಡ್ಡಿಯಿಲ್ಲ, ಎರಡೂ ಒಂದೇ ಕಲ್ಪನೆಯೆಂದು ಯಾರೂ ಹೇಳದಿದ್ದರೆ ಅಡ್ಡಿ. ಇನ್ನೊಂದು: ನಾವು ದಿಕ್ಕನ್ನು ಗಣಿಸದೆ ಹೇಳುವುದನ್ನು ‘ಜವ’ವೆಂದೂ ದಿಕ್ಕು ಸೇರಿದುದನ್ನು ‘ವೇಗ’ವೆಂದೂ ಕಲಿಸುತ್ತೇವೆ. ಮರಾಠಿಯಲ್ಲಿ ಮೊದಲನೆಯದು ‘ಚಾಲ’, ಎರಡನೆಯದು ‘ವೇಗ’. ಬೀದಿಯ ಮಾತಿನಲ್ಲಾದರೋ ಸಯಾನ್ ಬಿಟ್ಟ ಲೋಕಲ್ ಗಾಡಿಗೆ ‘ಸ್ಪೀಡ್’ ಒಂದೇ. ಗಣಿತದಲ್ಲಿ ನಮ್ಮ ಲ.ಸಾ.ಅ. ಅವರ ಲಸಾವಿ ಆಗುತ್ತದೆ. ಭಾಷೆಯ ತಾಸಿನಲ್ಲಿ ಇದಕ್ಕಿಂತಲೂ ತಮಾಷೆ: ಕನ್ನಡದಲ್ಲಿ ಉಪನ್ಯಾಸವೆಂದರೆ ಭಾಷಣ, ಹಿಂದಿಯಲ್ಲಿ ಕಾದಂಬರಿ. ಹಿಂದಿಯ ಅವಕಾಶ ರಜೆ. ಕನ್ನಡದ ಅವಕಾಶ ಸಿಕ್ಕಾಗ ಬಿಡಬಾರದ ಸಂಧಿ. ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಶಿಕ್ಷೆಯೆಂದರೆ ದಂಡನೆ. ಹಿಂದಿಯಲ್ಲಿ ಶಿಕ್ಷಾ ಎಂದರೆ ವಿದ್ಯೆ. (ಈ ಮೂರನ್ನೂ ಕಲಿತ ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಎರಡು ಅರ್ಥಗಳೂ ಒಂದೇ ಎಂದು ವಾದಿಸುವುದುಂಟು.)

ಪರೀಕ್ಷೆಯಲ್ಲಿ ವಿಜ್ಞಾನದ ಉತ್ತರ ತಪ್ಪಿದಾಗ ಆ ಮಗುವಿಗೆ ವಿಜ್ಞಾನ ಬರುವುದಿಲ್ಲವೆಂದು ನಾವು ಬರೆಯುತ್ತೇವೆ. ಎಷ್ಟೋ ಸಲ ಅದಕ್ಕೆ ಬಾರದೆ ಇದ್ದುದು ಶಬ್ದ. ಹಿಂದಿನ ವ್ಯವಸ್ಥೆಯಲ್ಲಿ ಇದು ಯಾರ ಹೊಣೆಯೂ ಆಗಿರಲಿಲ್ಲ. ವಿಜ್ಞಾನದ ಮುಖ್ಯಸ್ಥರು ‘ಭಾಷೆಯನ್ನು ಕಲಿಸುವುದು ಕನ್ನಡದವರ ಕೆಲಸ’ ಎನ್ನುವರು. ಕನ್ನಡದ ಮುಖ್ಯಸ್ಥರು ಹಳಗನ್ನಡ ಪದ್ಯದ ಪ್ರತಿಪದಾರ್ಥದಲ್ಲಿ ಮಗ್ನರು. ಇಂಗ್ಲೆಂಡಿನಲ್ಲಿಯೂ ಇದೇ ಪ್ರಶ್ನೆ ಎದ್ದಿತ್ತು. ಇತಿಹಾಸಕಾರ ಅಲನ್ ಬುಲಕ್ ಅವರ ಸಮಿತಿಯು 1975ರ ತನ್ನ ವರದಿಯಲ್ಲಿ, ಭಾಷೆಯು ಭಾಷಾಶಿಕ್ಷಕರ ಸೊತ್ತಲ್ಲ, ಎಲ್ಲ ವಿಷಯಗಳ ತಾಸುಗಳಲ್ಲಿಯೂ ಅದು ಬೆಳೆಯಬೇಕು, ಪ್ರತಿಯೊಂದು ಶಾಲೆಗೂ ಅದಕ್ಕೆ ಒಂದು ನೀತಿ ಬೇಕು ಎಂದು ಸೂಚಿಸಿತು. ಒಂದೇ ಭಾಷೆಯ ಮಕ್ಕಳು ಹೆಚ್ಚಾಗಿದ್ದ ದೇಶದಲ್ಲಿಯೇ ಇದು ಅಗತ್ಯವಾದರೆ, ಮನೆಯಲ್ಲಿ ಒಂದು, ಗಲ್ಲಿಯಲ್ಲಿ ಎರಡು, ಶಾಲೆಯಲ್ಲಿ ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ಎಂಬ ನಾಲ್ಕು ಭಾಷೆ ಕಲಿಯುವ ನಿಮಗೆ ಎಷ್ಟು ಅಗತ್ಯವೆಂಬುದನ್ನು ನೀವೇ ಹೇಳಿರಿ. 2020ರಲ್ಲಿ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲಿ ಮರಾಠಿಯನ್ನು ಕಡ್ಡಾಯವಾಗಿ ಕಲಿಸಬೇಕೆಂದು ಅಧಿನಿಯಮವಾಯಿತು. ಕನ್ನಡ ಮಾಧ್ಯಮದವರಿಗೆ ಮರಾಠಿಯು ಹೊರೆಯೆಂದು ಕೆಲವರು ಗೊಣಗುತ್ತಾರೆ. ನಾವು ಹಾಗೆ ತಿಳಿಯುವುದಿಲ್ಲ. ಕನ್ನಡದ ಮುಖ್ಯಸ್ಥರೂ ಮರಾಠಿಯ ಮುಖ್ಯಸ್ಥರೂ ತಾಸುಗಳಿಗಾಗಿ ಜಗಳವಾಡುವುದನ್ನು ಬಿಟ್ಟು ಒಂದೇ ಮೇಜಿನ ಬಳಿ ಕುಳಿತರೆ ಒಂದರ ವ್ಯಾಕರಣದಿಂದ ಇನ್ನೊಂದಕ್ಕೆ ದೀಪ ಹಚ್ಚಬಹುದು.

ಆದರೆ ಕನ್ನಡ ಶಾಲೆಯ ಇಂದಿನ ಕಷ್ಟವನ್ನು ಮುಚ್ಚಿಟ್ಟು ಈ ಮಾತುಗಳನ್ನಾಡುವುದು ಸರಿಯಲ್ಲ. ಮುಂಬಯಿಯಲ್ಲಿ ಹಗಲೆಲ್ಲ ಹೊಟೇಲಿನಲ್ಲಿ ದುಡಿದ ಹುಡುಗರು ಕನ್ನಡ ರಾತ್ರಿಶಾಲೆಯ ಬೆಂಚುಗಳನ್ನು ತುಂಬುತ್ತಿದ್ದ ಕಾಲ ಹೋಯಿತು. ತಂದೆತಾಯಿಗಳು ಇಂಗ್ಲಿಷ್ ಮಾಧ್ಯಮದ ಕಡೆಗೆ ಹೊರಳಿದಂತೆ ಕನ್ನಡ ವರ್ಗಗಳು ಕುಗ್ಗಿವೆ. ವರ್ಗಗಳು ಕುಗ್ಗಿದಂತೆ ಶಿಕ್ಷಕರೂ ಕಡಿಮೆಯಾಗುತ್ತಾರೆ. ಆಗ ‘ವಿಜ್ಞಾನ ವಿಭಾಗ’ವೆಂದರೆ ಒಬ್ಬರೇ ಶಿಕ್ಷಕರು. ತಾವೇ ಮುಖ್ಯಸ್ಥರು, ತಾವೇ ಅನುಯಾಯಿಗಳು! ಅವರು ಯಾರನ್ನು ಮುನ್ನಡೆಸಬೇಕು?

ನಮ್ಮ ಅಭಿಪ್ರಾಯದಲ್ಲಿ ಈ ಪ್ರಶ್ನೆಗೆ ಉತ್ತರವು ಶಾಲೆಯ ಗೋಡೆಯ ಆಚೆಗಿದೆ. ಜಪಾನಿನ ಶಿಕ್ಷಕರಲ್ಲಿ ಒಂದು ಹಳೆಯ ರೂಢಿಯುಂಟು. ಕೆಲವರು ಸೇರಿ ಒಂದು ಪಾಠವನ್ನು ಕೂಡಿಯೇ ಸಿದ್ಧಮಾಡುತ್ತಾರೆ. ಒಬ್ಬರು ಅದನ್ನು ವರ್ಗದಲ್ಲಿ ಕಲಿಸುತ್ತಾರೆ. ಉಳಿದವರು ಹಿಂದೆ ನಿಂತು ಮಕ್ಕಳನ್ನು ನೋಡುತ್ತಾರೆ. ಶಿಕ್ಷಕರನ್ನಲ್ಲ, ಮಕ್ಕಳನ್ನು ಎಂಬುದನ್ನು ಗಮನಿಸಿರಿ. ಯಾವ ಮಾತಿಗೆ ಯಾವ ಮಗುವಿನ ಮುಖ ಬಾಡಿತು, ಯಾವಾಗ ಪೆನ್ಸಿಲು ನಿಂತಿತು ಎಂದು ಬರೆದುಕೊಂಡು ಸಂಜೆ ಚರ್ಚಿಸಿ ಪಾಠವನ್ನು ತಿದ್ದುತ್ತಾರೆ. ಇದಕ್ಕೆ ಎಲ್ಲರೂ ಒಂದೇ ಶಾಲೆಯವರಾಗಿರಬೇಕೆಂದಿಲ್ಲ, ಒಂದೇ ಮಾಧ್ಯಮದವರೂ ಆಗಿರಬೇಕೆಂದಿಲ್ಲ. ಕನ್ನಡದ ಒಬ್ಬ ವಿಜ್ಞಾನ ಶಿಕ್ಷಕರಿಗೆ ಕೆಳಗಿನ ಮಾಳಿಗೆಯ ತಮಿಳು ಶಿಕ್ಷಕರೂ ಪಕ್ಕದ ಮರಾಠಿ ಶಿಕ್ಷಕರೂ ಜೊತೆಗಾರರಾಗಬಲ್ಲರು. ಬಾಲಭಾರತಿಯು 1967ರಲ್ಲಿ ಸ್ಥಾಪಿತವಾದಂದಿನಿಂದ ಹಲವು ಭಾಷೆಗಳಲ್ಲಿ ಪುಸ್ತಕ ಹೊರಡಿಸುತ್ತಿರುವುದರಿಂದ ಇವರ ಕೈಯಲ್ಲಿರುವ ಪಾಠವಂತೂ ಒಂದೇ. ಭಾಷೆ ಮಾತ್ರ ಬೇರೆ.

ನೆರೆಹೊರೆಯ ಶಾಲೆಗಳನ್ನು ಹೀಗೆ ಕೂಡಿಸುವ ವಿಚಾರವೂ ಹೊಸದಲ್ಲ. ಒಂದು ಮಾಧ್ಯಮಿಕ ಶಾಲೆಯ ಸುತ್ತ ಹತ್ತಿರದ ಪ್ರಾಥಮಿಕ ಶಾಲೆಗಳು ಸೇರಿ ಒಂದು ಸಂಕುಲವಾಗಬೇಕೆಂದು ಕೊಠಾರಿ ಆಯೋಗವೇ 1966ರಲ್ಲಿ ಹೇಳಿತ್ತು. ಆ ಆಯೋಗದ ಕಾರ್ಯದರ್ಶಿಗಳಾಗಿದ್ದ ಜೆ. ಪಿ. ನಾಯಕರು ಕೊಲ್ಹಾಪುರದ ಕಡೆಯವರು. ದೊಡ್ಡ ಕಚೇರಿಗಳಿಗೆ ಹೋಗುವ ಮುನ್ನ ಧಾರವಾಡ ಜಿಲ್ಲೆಯ ಉಪ್ಪಿನಬೆಟಗೇರಿ ಎಂಬ ಹಳ್ಳಿಯಲ್ಲಿ ನೆಲೆಸಿ ಜನರ ನಡುವೆ ದುಡಿದವರು. ಸಂಕುಲದ ಸೂಚನೆಯು ಬಹುಕಾಲ ಕಾಗದದ ಮೇಲೆಯೇ ಉಳಿಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಅದನ್ನು ಮತ್ತೆ ಎತ್ತಿಕೊಂಡಿದೆ. ಒಬ್ಬರೇ ಶಿಕ್ಷಕರಿರುವ ವಿಭಾಗಗಳಿಗೆ ಅದು ನಿಜವಾಗಿ ಆಸರೆಯಾಗುವುದೋ, ಅಥವಾ ಚಿಕ್ಕ ಶಾಲೆಗಳನ್ನು ದೊಡ್ಡದರಲ್ಲಿ ಕರಗಿಸುವ ನೆಪವಾಗುವುದೋ ಎಂಬ ಶಂಕೆ ನಮಗಿದೆ. ಕನ್ನಡ ಶಾಲೆಗಳಂಥ ಚಿಕ್ಕವು ಅದನ್ನು ಎಚ್ಚರದಿಂದ ನೋಡಬೇಕು.

ಹಳೆಯ ಕಾವಲಿನ ಕೆಲಸ ಹೋಯಿತೆಂದು ಮಾತ್ರ ಯಾರೂ ತಿಳಿಯಬೇಡಿರಿ. ಅದು ವೇಷ ಬದಲಿಸಿಕೊಂಡಿದೆ. 2015ರಲ್ಲಿ ಮಹಾರಾಷ್ಟ್ರದಲ್ಲಿ ‘ಸರಲ್’ ಎಂಬ ಗಣಕಯಂತ್ರದ ವ್ಯವಸ್ಥೆ ಬಂದಿತು. ಪ್ರತಿಯೊಬ್ಬ ವಿದ್ಯಾರ್ಥಿಯ ವಿವರವನ್ನೂ ಅದರಲ್ಲಿ ತುಂಬಬೇಕು. ಅದರ ಹಿಂದೆ ಮುಂದೆ ಇನ್ನೆಷ್ಟೋ ತಖ್ತೆಗಳು. ಮಾಹಿತಿ ಇರಬೇಕಾದುದೇ ಸರಿ. ಆದರೆ ಪಕ್ಕದ ವರ್ಗದ ಪಾಠವನ್ನು ಹೋಗಿ ನೋಡಬೇಕಾದ ತಾಸಿನಲ್ಲಿ ಮುಖ್ಯಸ್ಥರು ತೆರೆಯ ಮುಂದೆ ಕುಳಿತು ಹೆಸರಿನ ಕಾಗುಣಿತ ತಿದ್ದುತ್ತಿದ್ದರೆ, ಕಪಾಟಿನ ಕೀಲಿಯ ಬದಲು ಸಂಕೇತಶಬ್ದವನ್ನು ಜೋಪಾನ ಮಾಡಿದಂತಾಯಿತು, ಅಷ್ಟೆ.

ಕೋವಿಡ್ ಕಾಲದಲ್ಲಿ, 2020ರ ಮಾರ್ಚಿನಿಂದ ಶಾಲೆಗಳು ಮುಚ್ಚಿದಾಗ, ಯಾರು ನಿಜವಾಗಿ ಮುಂದಾಳುಗಳೆಂಬುದು ಹೊರಬಿದ್ದಿತು. ಹತ್ತು ಅಡಿಯ ಖೋಲಿಯಲ್ಲಿ ಐದಾರು ಜನ, ಮನೆಗೊಂದೇ ಫೋನು, ಅದೂ ತಂದೆಯೊಡನೆ ಕೆಲಸಕ್ಕೆ ಹೋಗುವುದು. ಇಂತಹ ಮನೆಗೆ ನಾಲ್ಕು ವಿಷಯದವರು ಹಗಲು ಹೊತ್ತಿನಲ್ಲಿಯೇ ಪಾಠ ಕಳುಹಿಸಿದರೆ ಏನು ಪ್ರಯೋಜನ? ಯಾವ ವಿಷಯ ಯಾವ ದಿನ, ರಾತ್ರಿ ಎಷ್ಟು ಗಂಟೆಗೆ, ಎಷ್ಟು ಚಿಕ್ಕ ಪಾಠ ಎಂದು ತಮ್ಮತಮ್ಮೊಳಗೆ ಮಾತಾಡಿಕೊಂಡು ಹಂಚಿಕೊಂಡವರು ಯಾವ ಸುತ್ತೋಲೆಗೂ ಕಾಯಲಿಲ್ಲ. ಮಗುವಿನ ಮನೆ ಹೇಗಿದೆಯೆಂದು ಅವರಿಗೆ ಗೊತ್ತಿದ್ದುದೇ ಅವರ ಬಲವಾಗಿತ್ತು. ಹುದ್ದೆಯಿಂದ ಬಾರದ ಬಲವೊಂದಿದೆಯೆಂದು ನಾವು ಆರಂಭದಲ್ಲಿ ಹೇಳಿದೆವಷ್ಟೆ. ವಿಷಯದ ತಿಳಿವು ಅದರ ಒಂದು ಕಾಲು, ಮಗುವಿನ ತಿಳಿವು ಇನ್ನೊಂದು ಕಾಲು.

ಮಗುವಿನ ತಿಳಿವು ಮಗುವಿನಿಂದಲೇ ಬರಬೇಕು. ಇಲ್ಲಿ ನಿಮ್ಮ ಪಾಲು ಆರಂಭವಾಗುತ್ತದೆ. ಬೆಲ್ಲನ ಎಂಟರ ಪ್ರಾಯದ ಬಾಲಕನು ಶಿಕ್ಷಕರು ಒಲ್ಲೆನೆಂದುದನ್ನು ಮಾಡಿ ತೋರಿಸಿದನು; ಎಂಟನೆಯ ಇಯತ್ತೆಯ ನೀವು ಮಾಡಲಾರಿರಾ? ಪ್ರತಿ ವರ್ಗದಲ್ಲಿಯೂ ಪ್ರತಿ ವಿಷಯಕ್ಕೆ ಒಬ್ಬ ಹುಡುಗ ಅಥವಾ ಹುಡುಗಿ ಒಂದು ವಹಿಯನ್ನಿಡಲಿ. ಪಾಠದಲ್ಲಿ ಬಂದು ತಿಳಿಯದೆ ಉಳಿದ ಶಬ್ದವನ್ನು ಒಂದು ಕಡೆ ಬರೆಯಿರಿ. ಅದೇ ವಸ್ತುವಿಗೆ ನಿಮ್ಮ ಮನೆಯಲ್ಲಿ, ನೆರೆಯ ಮರಾಠಿ ಅಥವಾ ತಮಿಳು ಗೆಳೆಯನ ಪುಸ್ತಕದಲ್ಲಿ, ಅಂಗಡಿಯಲ್ಲಿ ಏನೆನ್ನುತ್ತಾರೆಂದು ಕೇಳಿ ಎದುರು ಬದಿಗೆ ಬರೆಯಿರಿ. ಅರ್ಥ ಒಂದೇ ಆಗಿ ಶಬ್ದ ಬೇರೆಯಾದರೆ ಒಂದು ಗೆರೆ. ಶಬ್ದ ಒಂದೇ ಆಗಿ ಅರ್ಥ ಬೇರೆಯಾದರೆ ಎರಡು ಗೆರೆ. ಶನಿವಾರ ಕೊನೆಯ ತಾಸಿನಲ್ಲಿ ವಹಿಯನ್ನು ಆಯಾ ವಿಷಯದ ಶಿಕ್ಷಕರಿಗೆ ಕೊಡಿರಿ. ಎರಡು ಗೆರೆಯ ಶಬ್ದಗಳನ್ನು ಕನ್ನಡ ಮತ್ತು ಮರಾಠಿ ಶಿಕ್ಷಕರು ಸೋಮವಾರದ ಪ್ರಾರ್ಥನೆಯಾದ ಮೇಲೆ ಕರಿಹಲಗೆಯ ಮೇಲೆ ಬರೆಯುವರು. ಮೊದಲ ಶಬ್ದವನ್ನು ನಾವೇ ಕೊಟ್ಟಿದ್ದೇವೆ, ಘನತೆ. ಎರಡನೆಯದನ್ನು ನೀವು ತನ್ನಿರಿ.